ಪ್ರಹಾರನ ಪಾಠ

ಪಾರ್ಜೊನೊ ಹೊಸ ಫೋನು ಕೊಂಡದ್ದು ಹಕ್ಕಿಗಾಗಿ. ಹಾಗಂತ ಅವನು ಹೆಂಡತಿಗೆ ಹೇಳಿದ್ದ.

ಮೊಬೈಲಿನಲ್ಲಿ ಆಟವಾಡುವ ಹುಡುಗರಿಗೆಂದೇ ಮಾಡಿದ ಅಗ್ಗದ ಫೋನು ಅದು. ಬೆನ್ನ ಮೇಲೆ ಕೆಂಪು ದೀಪ, ಅಂಚಿನಲ್ಲಿ ಗುಂಡು ಹಾರಿಸಲು ಎರಡು ಗುಂಡಿ. ಜೇಬಿನಲ್ಲಿಟ್ಟರೆ ಪ್ಯಾಂಟು ಒಂದು ಕಡೆಗೆ ಜಗ್ಗುತ್ತಿತ್ತು.

"ಐವತ್ತೆರಡು ವರ್ಷದವರಿಗೆ ಇದ್ಯಾಕ್ರೀ?" ಎಂದು ಲಾಸ್ತ್ರಿ ಕೇಳಿದ್ದಳು. ಅವಳ ಪೆಚೆಲ್ ಅಂಗಡಿಗೆ ಒಂದು ಫೋನು ಬೇಕಿತ್ತು. ಸೊಪ್ಪು, ಶೇಂಗಾ ಗೊಜ್ಜಿನ ಪೊಟ್ಟಣ ಬೇಕೆಂದವರು ಈಗೀಗ ಬಾಗಿಲಿಗೆ ಬರುವುದಿಲ್ಲ, ಸಂದೇಶ ಕಳಿಸುತ್ತಾರೆ.

"ಸ್ಪೀಕರ್ ಜೋರಾಗಿದೆ ಕಣೇ. ಬ್ಯಾಟರಿ ಎರಡು ದಿನ ಬರತ್ತೆ. ಪಂದ್ಯದಲ್ಲಿ ಗೆದ್ದ ಹಕ್ಕಿಗಳ ಹಾಡು ಹಾಕಿ ಪಂಜರದ ಪಕ್ಕ ಇಟ್ರೆ ಪ್ರಹಾರ ಕಲೀತಾನೆ."

ಪ್ರಹಾರ ಅವನ ಮುರಾಯ್ ಹಕ್ಕಿ. ಉದ್ದ ಬಾಲ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವ ಗಂಟಲು. ಜಾವಾದ ಆ ಕ್ಲಾತೆನ್ ಊರಿನಲ್ಲಿ ಎಲ್ಲರೂ ತಮ್ಮ ಹಕ್ಕಿಗೆ ಹೀಗೇ ಪಾಠ ಹೇಳಿಸುತ್ತಾರಾದ್ದರಿಂದ ಲಾಸ್ತ್ರಿ ಒಪ್ಪಿದಳು. ಆದರೆ ಒಂದು ಕರಾರು: ಹಕ್ಕಿಹಾಡಿನ ಪಂದ್ಯದ ಭಾನುವಾರ ಪ್ರಹಾರನ ಪಂಜರದ ಕೆಳಗೆ ತೀರ್ಪುಗಾರರು ಮೆಚ್ಚಿ ಒಂದಾದರೂ ಬಾವುಟ ನೆಡಬೇಕು. ಇಲ್ಲದಿದ್ದರೆ ಹಕ್ಕಿ ವೊನೊಗಿರಿಯಲ್ಲಿರುವ ಅವಳ ತಮ್ಮನ ಮನೆಗೆ. ಆ ತಮ್ಮನಿಗೆ ಮೂರು ಬೆಕ್ಕುಗಳಿದ್ದವು.

ಮೂರು ತಿಂಗಳು ಪಾಠ ನಡೆಯಿತು. ದಿನಾ ಸಂಜೆ ಪಾರ್ಜೊನೊ ಪಂಜರವನ್ನೂ ಫೋನನ್ನೂ ಹಿತ್ತಿಲಿಗೆ ಒಯ್ದು ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಪಾಠದ ಹೊತ್ತಿನಲ್ಲಿ ಯಾರೂ ಬರಕೂಡದು, ಹಕ್ಕಿಯ ಗಮನ ತಪ್ಪುತ್ತದೆ.

ಪಂದ್ಯದ ಬೆಳಿಗ್ಗೆ ಅವನು ಪಂಜರದ ಮೇಲಿನ ಬಟ್ಟೆ ಸರಿಸಿದ. ಪ್ರಹಾರ ರೆಕ್ಕೆ ಕೊಡವಿ, ಕತ್ತು ನೀಡಿ, ಹಾಡಿದ:

"ಟಿಂಗ್ ಟಿಂಗ್ ಟಿರಿಂಗ್."

ಪಾರ್ಜೊನೊನ ಕೈ ತಾನಾಗಿ ಜೇಬಿಗೆ ಹೋಗಿ, ಅರ್ಧದಲ್ಲಿ ನಿಂತಿತು.

"ಅದ್ಯಾವ ಹಕ್ಕಿಯ ಹಾಡು?" ಒಳಗಿನಿಂದ ಲಾಸ್ತ್ರಿ ಕೇಳಿದಳು.

"ಸುಮಾತ್ರಾದ್ದು. ಅಪರೂಪದ್ದು."

ಅಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ತುಕಿಜಾನ್‌ನ ತಲೆ ಎದ್ದಿತು. ಪಂಕ್ಚರ್ ಹಾಕುವವನು, ಮಧ್ಯಾಹ್ನ ಗಿರಾಕಿ ಇಲ್ಲದಾಗ ಪಾರ್ಜೊನೊನ ಫೋನು ಎರವಲು ಪಡೆದು ಆಡುತ್ತಿದ್ದ. "ಅಣ್ಣಾ, ಇದು ಸುಮಾತ್ರಾ ಅಲ್ಲ. ಆಟಕ್ಕೆ ಎದುರಾಳಿ ಸಿಕ್ಕಾಗ ಫೋನು ಕರೆಯೋ ಸದ್ದು. ಹತ್ತು ಸೆಕೆಂಡಲ್ಲಿ ಗುಂಡಿ ಒತ್ತದಿದ್ರೆ ಸೋತ ಹಾಗೆ."

"ಮೆಲ್ಲಗೆ ಮಾತಾಡೋ. ನೀನು ಆಡಿ ಆಡಿ ನನ್ನ ಹಕ್ಕಿ ಕೆಡಿಸಿದೆ."

"ನಾನು ಆಡೋದು ನನ್ನ ಅಂಗಡೀಲಿ. ನಿಮ್ಮ ಹಕ್ಕಿಗೆ ಅಷ್ಟು ದೂರದ ಕಿವಿ ಇದೆಯಾ?"

ಆಮೇಲೆ ಓಣಿಯ ಬುದ್ಧಿಯೆಲ್ಲ ಪಂಜರದ ಸುತ್ತ ಸೇರಿತು. ಜೀರುಂಡೆ ತಿನ್ನಿಸಿದರೆ ಮರೆಯುತ್ತದೆ ಎಂದು ಒಬ್ಬರು ಆರು ಜೀರುಂಡೆ ತಿನ್ನಿಸಿದರು. ತಣ್ಣೀರಿನ ಸ್ನಾನ ಆಗಬೇಕೆಂದು ಎದುರುಮನೆಯ ಅಜ್ಜಿ ಎರಡು ಚೊಂಬು ಸುರಿದಳು. ಹೊಟ್ಟೆ ತುಂಬಿ, ಮೈ ತಂಪಾಗಿ, ಪ್ರಹಾರ ಮೊದಲಿಗಿಂತ ಸ್ಪಷ್ಟವಾಗಿ "ಟಿಂಗ್ ಟಿಂಗ್ ಟಿರಿಂಗ್" ಎಂದ.

ಮೈದಾನದಲ್ಲಿ ಮೂವತ್ತು ಪಂಜರಗಳು ಸಾಲಾಗಿ ತೂಗುತ್ತಿದ್ದವು. ಬಿದಿರಿನ ಬೇಲಿಯ ಹಿಂದೆ ಮಾಲೀಕರು, ನೋಡಲು ಬಂದ ಜನ, ಅವರ ಹಿಂದೆ ಪೆಚೆಲ್ ಬುಟ್ಟಿ ಇಟ್ಟುಕೊಂಡು ಲಾಸ್ತ್ರಿ. ಪ್ರಹಾರ ಮಾತ್ರ ಬಾಯಿ ಬಿಡಲಿಲ್ಲ. ಆ ಮೌನದಲ್ಲಿ ಪಾರ್ಜೊನೊನಿಗೆ ವೊನೊಗಿರಿಯ ಮೂರು ಬೆಕ್ಕುಗಳೂ ಒಂದೊಂದಾಗಿ ಕಂಡವು. ಹಾಡು ಎಂದು ಬೇಡಿಕೊಳ್ಳುವುದೋ, ಹಾಡಬೇಡ ಎಂದೋ ಅವನಿಗೆ ತಿಳಿಯಲಿಲ್ಲ.

ಹಿರಿಯ ತೀರ್ಪುಗಾರ ಕೈಯಲ್ಲಿ ಬಾವುಟ ಹಿಡಿದು ಪಂಜರದ ಕೆಳಗೆ ಬಂದು ನಿಂತ. ಪ್ರಹಾರ ಎದೆಯುಬ್ಬಿಸಿ, ಬಾಲ ಎತ್ತಿ, ಮೂರು ತಿಂಗಳ ವಿದ್ಯೆಯನ್ನು ಹೊರಹಾಕಿದ.

"ಟಿಂಗ್ ಟಿಂಗ್ ಟಿರಿಂಗ್."

ಬೇಲಿಯ ಹಿಂದಿನ ಇನ್ನೂರು ಕೈಗಳು ಇನ್ನೂರು ಜೇಬಿಗೆ ಹೋದವು. ಹಿರಿಯ ತೀರ್ಪುಗಾರನೂ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿ ಜೇಬು ತಡಕಿದ. ಇಡೀ ಮೈದಾನ ತಲೆ ತಗ್ಗಿಸಿ ಪ್ರಾರ್ಥನೆಗೆ ನಿಂತ ಹಾಗೆ ಸುಮ್ಮನಾಯಿತು. ಆ ಮೌನದೊಳಗೆ ಪ್ರಹಾರ ಇನ್ನೊಂದು ರಾಗ ತೆಗೆದ. ಮೂರು ಮೆಟ್ಟಿಲು ಇಳಿದು ಬಾವಿಗೆ ಬಿದ್ದಂಥ ರಾಗ:

"ಟೂಂ... ಟೂಂ... ಟೂಂ..."

ತೀರ್ಪುಗಾರರು ಪಂಜರದಲ್ಲಿ ಫೋನು ಬಚ್ಚಿಟ್ಟಿದೆಯೇ ಎಂದು ಹುಡುಕಿದರು. ಒಂದು ಜೀರುಂಡೆಯ ಕಾಲು ಸಿಕ್ಕಿತು. "ಗಂಟಲು ಚೆನ್ನಾಗಿದೆ ಸ್ವಾಮಿ," ಎಂದ ಹಿರಿಯವ, ಬಾವುಟವನ್ನು ಮಡಚುತ್ತ. "ಆದರೆ ಇದು ಹಕ್ಕಿಯ ಹಾಡಲ್ಲ."

ಪಾರ್ಜೊನೊ ನೇರ ಹೆಂಡತಿಯ ಹತ್ತಿರ ಬಂದ. "ಎಲ್ಲಾ ಈ ತುಕಿಜಾನ್ ಮಾಡಿದ್ದು ಕಣೇ. ನಾನು ಆ ಆಟ ಮುಟ್ಟಿದವನೇ ಅಲ್ಲ."

ತುಕಿಜಾನ್ ಪೆಚೆಲ್ ತಿನ್ನುತ್ತಿದ್ದ. ಎಲೆಯ ಮೇಲಿನ ಗೊಜ್ಜನ್ನು ಬೆರಳಿನಿಂದ ಬಳಿದು, ನಿಧಾನವಾಗಿ ಹೇಳಿದ: "ಅಕ್ಕಾ, ಆ ಎರಡನೇ ರಾಗ ಇದೆಯಲ್ಲ, ಅದು ಆಟದಲ್ಲಿ ಸೋತಾಗ ಬರೋದು. ಗೆದ್ದರೆ ಬೇರೆ ರಾಗ, ಕಹಳೆ ಊದಿದ ಹಾಗೆ. ನಾನು ದಿನಾ ಗೆಲ್ಲೋನು. ಈ ಹಕ್ಕಿ ಕಹಳೆ ಕೇಳೇ ಇಲ್ಲ."

ಅವನು ಎಲೆ ಮಡಚಿದ. "ಇದಕ್ಕೆ ಯಾರು ಪಾಠ ಹೇಳಿದ್ರೋ, ಅವರು ಮೂರು ತಿಂಗಳಲ್ಲಿ ಒಂದು ಸಲಾನೂ ಗೆದ್ದಿಲ್ಲ."

ಲಾಸ್ತ್ರಿ ಗಂಡನನ್ನು ನೋಡಿದಳು. ಅವನು ಪಂಜರವನ್ನು ನೋಡಿದ. ಪಂಜರದವನು ಆಕಾಶ ನೋಡುತ್ತಿದ್ದ.

"ಮುಚ್ಚಿದ ಬಾಗಿಲಿನ ಪಾಠ," ಎಂದಳು ಅವಳು. ಆಮೇಲೆ ಕೈ ಚಾಚಿದಳು. "ಫೋನು ಕೊಡಿ. ಅಂಗಡಿಗೆ ಆಗತ್ತೆ."

"ಮತ್ತೆ ಪ್ರಹಾರ?"

"ಇರಲಿ. ಮನೇಲಿ ಒಬ್ಬರಾದ್ರೂ ನಿಜ ಹೇಳೋರು ಬೇಕು."

ಸಂಜೆ ಪಾರ್ಜೊನೊ ಅಭ್ಯಾಸಬಲದಿಂದ ಪಂಜರ ಹಿಡಿದು ಹಿತ್ತಿಲಿಗೆ ಹೋದ. ಬಾಗಿಲು ಮುಚ್ಚಲು ಈಗ ಕಾರಣವಿರಲಿಲ್ಲ. ಅಂಗಡಿಯ ಕಡೆ ಕೆಂಪು ದೀಪ ಮಿನುಗುತ್ತಿತ್ತು. ಯಾರೋ ನಾಲ್ಕು ಪೊಟ್ಟಣ ಕೇಳುತ್ತಿದ್ದರು. ಅವನು ಪಂಜರವನ್ನು ಪಕ್ಕದಲ್ಲಿಟ್ಟು ಕೂತ.

"ಟಿಂಗ್ ಟಿಂಗ್ ಟಿರಿಂಗ್," ಎಂದ ಪ್ರಹಾರ.

ಪಾರ್ಜೊನೊನ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ಅವನು ಕೈ ಅಲ್ಲೇ ಇಟ್ಟುಕೊಂಡು, ತನಗರಿವಿಲ್ಲದೆ, ಒಂದು, ಎರಡು, ಎಂದು ಎಣಿಸತೊಡಗಿದ.

ಹತ್ತಕ್ಕೆ ಸರಿಯಾಗಿ ಪ್ರಹಾರ ಕತ್ತು ಓರೆ ಮಾಡಿ ಅವನ ಕಡೆ ನೋಡಿದ.

"ಟೂಂ... ಟೂಂ... ಟೂಂ..."