ಮಂಗಳವಾರದ ಕಿಲೋಮೀಟರುಗಳು

ಕುಷ್ಟಗಿಯ ಸರ್ವೇಯರ್ ಸಾದಿಕ ಅಂದು ಬೆಳಿಗ್ಗೆ ಚಹದ ಬಸಿಯನ್ನು ಕೆಳಗಿಟ್ಟು, ಮನೆಯವರೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡಿದ.

"ಇಪ್ಪತ್ತು ವರ್ಷದಿಂದ ಮಂದಿ ಹೊಲದ ಗಡಿ ಅಳಕೊಂತ ಬಂದೀನಿ. ನನಗ ಅಳತಿ ಕಲಸ್ತಾರೇನು ಇವರು? ಒಂದು ಪೈಸಾ ಕೊಡಂಗಿಲ್ಲ."

ಎರಡು ವರ್ಷದ ಲೀಸಿಗೆ ತಂದಿದ್ದ ಕಾರನ್ನು ಹಿಂದಿನ ವಾರವಷ್ಟೇ ತೊಳೆದು, ಒರೆಸಿ, ಮದುಮಗಳನ್ನು ಕಳಿಸಿಕೊಡುವ ಹಾಗೆ ಕೊಪ್ಪಳದ ಕಂಪನಿಗೆ ಒಪ್ಪಿಸಿ ಬಂದಿದ್ದ. ಠೇವಣಿ ವಾಪಸು ಬರುತ್ತದೆಂದು ಕಾಯುತ್ತಿದ್ದವನ ಮೊಬೈಲಿಗೆ ಬಂದದ್ದು ಬಿಲ್ಲು. ಬಂಪರಿನ ಮೇಲೆ ಗೀರುಗಳು, ಎಡ ಬಾಗಿಲಿಗೆ ತಗ್ಗು. ಅದು ಹಾಳಾಗಲಿ, ಕರಾರಿಗಿಂತ ಐದು ಸಾವಿರದ ಆರುನೂರು ಕಿಲೋಮೀಟರ್ ಹೆಚ್ಚು ಓಡಿಸಿದ್ದಕ್ಕೆ ದಂಡ.

ಸಾದಿಕ ಕಾರು ಹತ್ತುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ಬೈಕಿನ ಮೇಲೆ ಹಳ್ಳಿಹಳ್ಳಿ ಅಲೆಯುವ ಕೆಲಸ. ಕಾರು ಮನೆ ಮುಂದೆ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಕಿಲೋಮೀಟರಿನ ಅಂಕಿಯನ್ನು ಅವನು ಎಂದೂ ನೋಡಿದವನಲ್ಲ. ನೋಡುತ್ತಿದ್ದದ್ದು ಪೆಟ್ರೋಲಿನ ಮುಳ್ಳು. ಆ ಮುಳ್ಳೋ, ಎಷ್ಟು ಓಡಿಸಿದರೂ ಕೆಳಗಿಳಿಯದ ಹಟಮಾರಿ. "ಇದು ಕಾರಿನ ಗುಣ ಅಲ್ಲಪಾ, ಕಾಲಿನ ಗುಣ" ಎಂದು ಕಚೇರಿಯಲ್ಲಿ ಪಾದ ಎತ್ತಿ ತೋರಿಸಿದ್ದೂ ಉಂಟು.

"ಕೊಟ್ಟು ಬಿಡ್ರಿ ಅತ್ಲಾಗ" ಎಂದಳು ಹೆಂಡತಿ ನಾಹೀದಾ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. "ಸುಮ್ನ ಜಗಳ ಯಾಕ?"

"ನ್ಯಾಯ ನನ್ನ ಕಡೆ ಐತಿ."

ತಾಯಿ ಹಸನಬೀ ಇದ್ದಕ್ಕಿದ್ದಂತೆ ಹಣೆ ಹಿಡಿದುಕೊಂಡರು. "ನನಗ್ಯಾಕೋ ತಲಿ ತಿರಗಾಕತ್ತೈತಿ. ಇವತ್ತ ಎಲ್ಲೂ ಹೋಗಬ್ಯಾಡಪಾ."

ಹೆಂಗಸರ ಪುಕ್ಕಲುತನ ಎಂದುಕೊಂಡ ಸಾದಿಕ. ತಾಯಿಗೆ ಸಕ್ಕರೆ ನೀರು ಕುಡಿಸಿ, ಸಾಕ್ಷಿಗಿರಲೆಂದು ನಾಹೀದಾಳನ್ನೇ ಹೊರಡಿಸಿಕೊಂಡು ಕೊಪ್ಪಳದ ಬಸ್ಸು ಹತ್ತಿದ.

ಕಂಪನಿಯಲ್ಲಿ, ಮರಳಿ ಬಂದ ಕಾರುಗಳ ತಪಾಸಣೆ ಮಾಡುವವಳು ಅಮೃತಾ ಎಂಬ ತೆಳ್ಳನೆಯ ಹುಡುಗಿ. ಸಾದಿಕ ಅವಳ ಮುಂದೆ ನಾಲ್ಕು ಹಾಳೆ ಹರಡಿದ. ಎರಡು ವರ್ಷದ ಭಾನುವಾರಗಳು, ಹೋದ ಊರುಗಳು, ಪ್ರತಿ ಊರಿನ ದೂರ, ಕೊನೆಗೆ ಸಹಿ.

"ಮೊದಲ್ನೇದು, ಈ ಗೀರು ನಾ ತಗೊಂಡಾಗನ ಇದ್ದುವು."

ಅಮೃತಾ ಒಂದು ಫೋಟೋ ತೋರಿಸಿದಳು. ಎರಡು ವರ್ಷದ ಹಿಂದೆ ಕಂಪನಿ ಕಾರನ್ನು ಅವನ ಕೈಗೆ ಕೊಟ್ಟ ದಿನದ್ದು. ಬಂಪರು ಎಷ್ಟು ನುಣ್ಣಗಿತ್ತೆಂದರೆ, ಅದರೊಳಗೆ ಹಲ್ಲು ಬಿಟ್ಟು ನಗುತ್ತಿದ್ದ ಸಾದಿಕನ ಮುಖವೇ ಕಾಣುತ್ತಿತ್ತು.

"ಗೀರು ಬಿಡ್ರಿ" ಎಂದ ಸಾದಿಕ. "ಕಿಲೋಮೀಟರ್ ಮಾತಾಡೂಣು."

"ಕಾರಿನಾಗ ಒಂದು ಸಣ್ಣ ಯಂತ್ರ ಇರತೈತ್ರಿ ಸರ. ಎಲ್ಲಿ ಹೋತು, ಯಾವಾಗ ಹೋತು, ಹೆಂಗ ಹೋತು, ಎಲ್ಲಾ ಬರಕೊಂತೈತಿ. ಕರಾರಿನಾಗೂ ಅದನ್ನ ಹೇಳೀವಿ." ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು.

ನಕ್ಷೆ. ಅದರ ಮೇಲೆ ಒಂದು ನೀಲಿ ಗೆರೆ. ಕುಷ್ಟಗಿ, ತಾವರಗೇರಾ, ಕನಕಗಿರಿ, ನವಲಿ. ಕಳೆದ ಒಂದು ವರ್ಷ, ಮಂಗಳವಾರ ತಪ್ಪದೆ, ಹತ್ತಕ್ಕೆ ಹೊರಟು ನಾಲ್ಕಕ್ಕೆ ವಾಪಸು.

ಸಾದಿಕ ಕುರ್ಚಿಯಿಂದ ಎದ್ದೇ ಬಿಟ್ಟ. "ಕಳ್ಳತನ ಇದು. ಯಾವನೋ ನನ್ನ ಕಾರು ಒಯ್ದು, ತಿರುಗಾಡಿ, ಮತ್ತ ತಂದು ಹೊದಿಕಿ ಹೊಚ್ಚಿ ಹೋಗ್ಯಾನ. ಪೊಲೀಸರಿಗೆ ಕಂಪ್ಲೇಂಟ್ ಕೊಡೂಣು."

"ಛಲೋ ಕಳ್ಳ ಬಿಡ್ರಿ ಸರ" ಎಂದಳು ಅಮೃತಾ. "ಗಾಡಿ ಭಾಳ ಚಂದ ಓಡಿಸ್ಯಾನ. ಗಕ್ಕನೆ ಬ್ರೇಕ್ ಹಾಕಿದ್ದಿಲ್ಲ, ಜೋರು ಹೋಗಿದ್ದಿಲ್ಲ, ಎಲ್ಲೂ ತಾಗಿಸಿದ್ದಿಲ್ಲ. ಭಾನುವಾರದ್ದು ನೋಡ್ರಿ."

ಭಾನುವಾರದ ಗೆರೆಯ ತುಂಬ ಕೆಂಪು ಚುಕ್ಕೆಗಳಿದ್ದವು, ದಡಾರ ಎದ್ದ ಮೈಯ ಹಾಗೆ.

"ಅವನ್ನ ಹಿಡದು ಒಳಗ ಹಾಕಸ್ಲಿಲ್ಲಂದ್ರ ನನ್ನ ಹೆಸರು..."

"ಅಂವ ಅಲ್ರಿ" ಎಂದಳು ನಾಹೀದಾ ಮೆಲ್ಲಗೆ. "ಅಕಿ. ನಾನ."

ಅವಳು ಚೀಲದಿಂದ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಸಾದಿಕ ಅದನ್ನು ಎರಡು ಸಲ ಓದಿದ. ಫೋಟೋ ಅವಳದೇ. ಗಂಡನ ಹೆಸರಿನ ಜಾಗದಲ್ಲಿ ಇದ್ದವನೂ ತಾನೇ.

"ನವಲ್ಯಾಗ ಇಮಾಮಬಾನು ಖಾಲಾ ಬಿದ್ದು ಹಾಸಿಗಿ ಹಿಡದಾಗಿಂದ ಅತ್ತಿಯವರು ತಂಗೀನ ನೋಡಬೇಕಂತ ಗೋಳಾಡತಿದ್ರು. ನೀವು ಬರೂ ಭಾನುವಾರ, ಬರೂ ಭಾನುವಾರ ಅಂದ್ರಿ. ಹದಿನಾಲ್ಕು ಭಾನುವಾರ ಕಾದ್ವಿ. ಆಮ್ಯಾಲ ನಾ ಡ್ರೈವಿಂಗ್ ಸಾಲಿಗೆ ಹೋದೆ. ಫೀ ಅತ್ತಿಯವರ ಕಟ್ಟಿದ್ರು."

"ಮತ್ತ ಪೆಟ್ರೋಲು?"

"ಬ್ಲೌಜ್ ಹೊಲದ ರೊಕ್ಕ. ಬರೂಮುಂದ ಒಂದೀಟು ಹೆಚ್ಚಿಗಿನ ಹಾಕಸ್ತಿದ್ದೆ. ಮುಳ್ಳು ನೋಡಿ ನೀವು ಖುಷಿ ಇರ್ತಿದ್ರಿ."

ಸಾದಿಕ ತನ್ನ ಬಲಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಓಣ್ಯಾಗ ಒಬ್ಬರರ ನನಗ ಹೇಳಬಾರದ?"

"ಅವರ ಬ್ಲೌಜೂ ನಾನ ಹೊಲೀತೀನಲ್ರಿ."

"ನೀನರ ಹೇಳಬೇಕಿತ್ತು."

"ಹೇಳಿದ್ರ ಕೀಲಿ ಕೈಗೆ ಸಿಗತಿತ್ತೇನ್ರಿ?"

ಸಾದಿಕ ತನ್ನ ನಾಲ್ಕು ಹಾಳೆಗಳನ್ನು ಮಡಚಿ ಜೇಬಿಗಿಟ್ಟ. ಅವನು ಮತ್ತೆ ನಕ್ಷೆಯ ಕಡೆ ಬಾಗಿದ. ನವಲಿಯ ಹತ್ತಿರ ಕಾಲುವೆಗೊಂದು ಸೇತುವೆ ಇದೆ, ಎದುರಿಗೆ ಎಮ್ಮೆ ಬಂದರೂ ಜಾಗ ಸಾಲದು. ಹಿಂದೊಮ್ಮೆ ಸಾದಿಕ ಅಲ್ಲಿ ಕಾರು ನಿಲ್ಲಿಸಿ, ಭತ್ತದ ಗದ್ದೆಯಿಂದ ಇಬ್ಬರನ್ನು ಕೂಗಿ ಕರೆದು, ಅವರು ಹಿಂದೆ ಮುಂದೆ ನಿಂತು ದಾರಿ ತೋರಿಸಿದ ಮೇಲೆ ದಾಟಿದ್ದ. ನಾಹೀದಾಳ ಗೆರೆ ಆ ಸೇತುವೆಯ ಮೇಲೆ ಒಂದು ಕ್ಷಣವೂ ನಿಂತಿರಲಿಲ್ಲ. ಮಳೆಗಾಲದಲ್ಲೂ ಇಲ್ಲ, ಭತ್ತದ ಸುಗ್ಗಿಯ ಕಾಲದಲ್ಲೂ ಇಲ್ಲ. ಇಪ್ಪತ್ತು ವರ್ಷ ಗೆರೆ ಎಳೆದೇ ಅನ್ನ ಉಂಡವನು ಇಷ್ಟು ಅಚ್ಚುಕಟ್ಟಾದ ಗೆರೆಯನ್ನು ನೋಡಿರಲಿಲ್ಲ. ಪಕ್ಕದಲ್ಲಿ ಸೆರಗಿನ ತುದಿ ತಿರುವುತ್ತ ಕುಳಿತವಳು ಹದಿನೆಂಟು ವರ್ಷದಿಂದ ತನ್ನ ಮನೆಯಲ್ಲೇ ಇರುವವಳು ಎಂಬುದನ್ನು ನಂಬಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಸಹಿ ಎಲ್ಲಿ ಮಾಡ್ಬೇಕ್ರಿ?" ಎಂದು ಅಮೃತಾಳನ್ನು ಕೇಳಿದ.

"ತಡೀರಿ" ಎಂದಳು ನಾಹೀದಾ. "ಕಿಲೋಮೀಟರಿಂದು ನಾ ಕೊಡ್ತೀನಿ. ಗೀರು ನಿಮ್ಮವು, ನೀವ ನೋಡ್ಕೊರಿ."

ಅದೇ ವಾರ ಇನ್ನೊಂದು ಕಾರು ಲೀಸಿಗೆ ಬಂತು, ನಾಹೀದಾಳ ಹೆಸರಿಗೆ. ಮಂಗಳವಾರ ಸಾದಿಕ ರಜೆ ಹಾಕಿದ. ತಾಯಿ ಹಿಂದಿನ ಸೀಟಿನಲ್ಲಿ, ಅವನು ಮುಂದೆ ಎಡಗಡೆ. ಕಾಲುವೆಯ ಸೇತುವೆ ಬಂದಾಗ ಅವನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ತೆರೆದಾಗ ನವಲಿಯ ಮನೆಗಳು ಕಾಣುತ್ತಿದ್ದವು.

ಇಮಾಮಬಾನು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು. ದಾಳಿಂಬೆಯ ಚೀಲ ಹೊತ್ತು ನಾಹೀದಾಳ ಹಿಂದೆ ಒಳಗೆ ಬಂದ ಗಂಡಸನ್ನು ಅವರು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಮುಖ ಅರಳಿತು.

"ಛಲೋ ಮಾಡಿದಿ ಬಿಡವಾ ನಾಹೀದಾ. ಒಬ್ಬಾಕಿನ ಎಷ್ಟಂತ ಮಾಡ್ತಿ? ಕ್ಲೀನರ್‌ನ ಇಟ್ಕೊಂಡಿಯಲ್ಲ."

ಸಾದಿಕ ಚೀಲ ಕೆಳಗಿಟ್ಟು ಕೈ ಜೋಡಿಸಿದ.

"ಹೌದ್ರಿ ಖಾಲಾ" ಎಂದ. "ಇವತ್ತಿಂದ ಸೇರೀನಿ."