ಕಣ್ಣೀರಿಗೊಂದು ಫೂಟಪಟ್ಟಿ

ನಮ್ಮ ಮಾಮಾನ ಎದುರಿಗೆ ಅಳುವ ಧೈರ್ಯ ಇಡೀ ಇಂಡಿ ಊರಿನಲ್ಲಿ ಯಾರಿಗೂ ಇರಲಿಲ್ಲ! ಹಾಗಂತ ಅವನೇನು ಪೈಲ್ವಾನನಲ್ಲ, ಫೌಜದಾರನೂ ಅಲ್ಲ. ನಮ್ಮವ್ವನ ತಮ್ಮ, ಕಣ್ಣಿನ ಡಾಕ್ಟರು. ಕೋಟಿನ ಒಂದು ಕಿಸೆಯಲ್ಲಿ ನೀರು ಹೀರುವ ಕಾಗದದ ಸಣ್ಣ ಪಟ್ಟಿಗಳು, ಇನ್ನೊಂದರಲ್ಲಿ ಅಳತೆಯ ಫೂಟಪಟ್ಟಿ. ಕಾಗದದ ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷ ಗಡಿಯಾರ ನೋಡಿ, ಎಷ್ಟು ಒದ್ದೆಯಾಯಿತೆಂದು ಅಳೆಯುತ್ತಿದ್ದ. ಕಣ್ಣು ತಾನಾಗಿ ಎಷ್ಟು ನೀರು ಬಿಡುತ್ತದೆ ಎಂಬುದಷ್ಟೇ ಅವನಿಗೆ ಬೇಕು. ಅತ್ತರೆ ಅಳತೆ ಕೆಡುತ್ತದಲ್ಲ!

ಒಮ್ಮೆ ಝಳಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಗಂಡನ ಜೊತೆ ಜಗಳಾಡಿ ಅಳುತ್ತಿದ್ದ ಹೆಂಗಸಿನ ಕೆಂಪು ಕಣ್ಣು ಇವನ ಕಣ್ಣಿಗೆ ಬಿತ್ತು.

"ಅಳೂದು ಮುಗದ ಮ್ಯಾಲೆ ಹೇಳ್ರಿ ತಂಗಿ, ನಾ ಇಲ್ಲೇ ಕೂತಿರ್ತೇನಿ."

ಆಕೆಯ ಅಳು ಅಲ್ಲೇ ನಿಂತಿತು. ಮಾಮಾ ಗಂಡನನ್ನೂ ಬಿಡಲಿಲ್ಲ. ಕಣ್ಣಿಗೆ ಕಾಗದದ ಬಾಲ ಜೋತುಬಿಟ್ಟುಕೊಂಡು ಕೂತ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಜಗಳ ಹೋಯಿತು, ಬಸ್ಸೂ ಹೋಯಿತು!

ಅವನ ಖಾಯಂ ರೋಗಿ ಮಾತ್ರ ನಾನು. ಚಿಕ್ಕಂದಿನ ಕಣ್ಣುಬೇನೆ ನನ್ನ ಕಣ್ಣೀರನ್ನು ಬತ್ತಿಸಿತ್ತು. ಎಷ್ಟು ದುಃಖವಾದರೂ ಉರಿಯಷ್ಟೇ, ಹನಿಯಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನನ್ನ ಮದುವೆ ಗೊತ್ತಾದಾಗ ಅವ್ವ ಮಾಮಾನಿಂದ ಆಣೆ ತೆಗೆದುಕೊಂಡಳು: "ಬೀಗರ ಮುಂದ ಇಕಿ ಕಣ್ಣಿನ ಮಾತ ಎತ್ತಬ್ಯಾಡಪಾ. ಐಬು ಐತಿ ಅಂತ ಹೊಳ್ಳಿ ಕಳಿಸ್ಯಾರು."

ಆದರೆ ಹೆಣ್ಣು ಕಳಿಸುವ ಹೊತ್ತಿಗೆ ನಾಲ್ಕು ಹನಿಯಾದರೂ ಬೇಡವೇ? ಕರ್ಚೀಪಿನಲ್ಲಿ ಅರ್ಧ ಉಳ್ಳಾಗಡ್ಡಿ ಸುತ್ತಿ ಅವ್ವ ನನ್ನ ಕೈಗಿಟ್ಟಳು. ಏನಾಯಿತೆನ್ನುತ್ತೀರಿ? ಸುತ್ತ ನಿಂತವರೆಲ್ಲ ಆ ಘಾಟಿಗೆ ಗಳಗಳ ಅತ್ತರು. ನಾನೊಬ್ಬಳೇ ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದೆ!

ಗಂಡನ ಊರು ಹೂವಿನ ಹಿಪ್ಪರಗಿಗೆ ಹೊರಟ ಮೋಟಾರಿನ ಪಕ್ಕದಲ್ಲಿ ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು: "ಹಡದ ಅವ್ವನ್ನ ಬಿಟ್ಟು ಹೊಂಟಾಳ, ಒಂದ ಹನಿ ನೀರಿಲ್ಲ. ಇಂಥಾಕಿ ನಮ್ಮನ್ನೇನ ಹಚ್ಚಿಕೊಂಡಾಳು?"

ಅವ್ವನ ಮುಖ ಬಿಳಿಚಿತು. ನನ್ನ ಸಂಸಾರ ಶುರುವಾಗುವ ಮೊದಲೇ ಕೆಟ್ಟಿತೆಂದು ನನ್ನ ಜೀವ ಬಾಯಿಗೆ ಬಂತು.

ಮಾಮಾ ಆಣೆ ಮುರಿದ. "ಮೋಟಾರು ಬಂದ್ ಮಾಡ್ರಿ!"

ಉಳ್ಳಾಗಡ್ಡಿ ಕಸಿದು ಬಿಸಾಡಿ, ನನ್ನನ್ನು ಟ್ರಂಕಿನ ಮೇಲೆ ಕೂರಿಸಿ, ಎರಡೂ ಕಣ್ಣಿಗೆ ಕಾಗದ ಸಿಕ್ಕಿಸಿದ.

"ಇದ್ಯಾವ ಶಾಸ್ತ್ರರಿ ನಿಮ್ಮ ಕಡಿ?" ಎಂದು ಬೀಗರ ಕಡೆಯ ಮುದುಕರೊಬ್ಬರು ಕೇಳಿದರು.

ಐದು ನಿಮಿಷಕ್ಕೆ ಕಾಗದದ ತುದಿಯಷ್ಟೇ ಒದ್ದೆಯಾಗಿತ್ತು. ಮಾಮಾ ಅದನ್ನು ಎತ್ತಿ ಹಿಡಿದ. "ದುಃಖ ಐತ್ರಿ, ಕಣ್ಣಾಗ ನೀರಿಲ್ಲ. ಔಷಧ ಹಾಕ್ಕೋತ ಇದ್ರ ಕಣ್ಣು ಚಲೋ ಇರ್ತಾವು." ಆಮೇಲೆ ಅತ್ತೆಯ ಕಡೆ ತಿರುಗಿದ: "ಅಕ್ಕಾರ, ಮುಂಜಾನಿಂದ ನೋಡಾಕತ್ತೇನಿ, ನೀವೂ ಸೆರಗಿಲೆ ಕಣ್ಣ ತಿಕ್ಕಾಕತ್ತೀರಿ. ಐದ ನಿಮಿಷ ಕೂಡ್ರಿ."

ಬೀಗರ ಹೆಂಗಸರು ಕಿಸಕ್ಕೆಂದರು. ಅತ್ತೆ ಸಿಟ್ಟಿನಿಂದಲೇ ಕೂತರು. ಅವರ ಕಾಗದ ನನ್ನದಕ್ಕಿಂತಲೂ ಒಣ! ಮಾಮಾ ಅದನ್ನು ಅವರ ಕೈಗೇ ಕೊಟ್ಟ.

ಅತ್ತೆ ಅದನ್ನು ಬೆರಳಿನಿಂದ ಸವರಿ ನೋಡಿದರು. "ನಮ್ಮನಿಯವ್ರು ತೀರಿಕೊಂಡಾಗೂ ನನಗ ಹನಿ ಬರಲಿಲ್ಲರಿ ಡಾಕ್ಟರ. ಊರ ಮಂದಿ ಕಲ್ಲಿನಂಥಾಕಿ ಅಂದ್ರು. ನಾನೂ ಹಂಗ ಅಂತ ತಿಳಕೊಂಡಿದ್ದೆ."

ಮಾಮಾ ಎರಡು ಸೀಸೆ ಔಷಧ ತಂದು ನಮ್ಮಿಬ್ಬರಿಗೂ ಒಂದೊಂದು ಕೊಟ್ಟ. "ತಾವ ಹಾಕ್ಕೊಂಡ್ರ ಗಲ್ಲಕ್ಕ ಬೀಳತೈತಿ. ಒಬ್ಬರಿಗೊಬ್ರು ಹಾಕ್ರಿ."

ಇಂಡಿ ದಾಟುತ್ತಿದ್ದಂತೆ ಅತ್ತೆ ಮೋಟಾರು ನಿಲ್ಲಿಸಲು ಹೇಳಿದರು. ಕುಲುಕಾಟ ನಿಂತ ಮೇಲೆ ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ನನ್ನ ಹೆದರಿಕೆಯೆಲ್ಲ ಅಲ್ಲೇ ಇಳಿದುಹೋಯಿತು. ಸೀಸೆಯ ಬಿರಡೆ ತೆಗೆಯುತ್ತ ಅವರು ಅಂದರು:

"ಕಣ್ಣ ತೆರಿಯವ್ವಾ. ಮೊದಲ ನಿನಗ ಹಾಕತೇನಿ."