ಸಿರುಗುಪ್ಪ ಬಸ್ಸಿನ ತ್ರಾಸು

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಶರಣನ ಲೆಕ್ಕ ಹದಿನೇಳನೆಯ ಸಲವೂ ಕೂಡಿಬರಲಿಲ್ಲ.

ಶರಣ ವಿದ್ಯುತ್ ಕಚೇರಿಯೊಂದರಲ್ಲಿ ಎಂಜಿನಿಯರ್. ಯಾವ ಲೈನಿನಲ್ಲಿ ಎಷ್ಟು ಕರೆಂಟು ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ಕಂಪ್ಯೂಟರು ಮೊದಲು ಅಂದಾಜು ಮಾಡುತ್ತದೆ, ತಿದ್ದುತ್ತದೆ, ಮತ್ತೆ ತಿದ್ದುತ್ತದೆ. ಸುತ್ತು ಸುತ್ತಿಗೂ ತಪ್ಪು ಇಳಿದರೆ ಲೆಕ್ಕ ಕೂಡಿತು ಎನ್ನುತ್ತಾರೆ. ಅಂದು ತಪ್ಪು ಹಬ್ಬದ ಮುಂಚಿನ ಹೂವಿನ ದರದಂತೆ ಏರುತ್ತಿತ್ತು. ಈ ಕಸುಬಿನಲ್ಲಿ ಪ್ರತಿ ಕರೆಂಟ್ ಸ್ಟೇಷನ್ನಿಗೂ ‘ಬಸ್’ ಎಂದು ಹೆಸರು. ಮುಂದಿನದಕ್ಕೆಲ್ಲ ಕಾರಣ ಇದೇ.

ವರದಿ ಸೋಮವಾರ ಕೊಡಬೇಕಿತ್ತು. ಅದಕ್ಕಿಂತ ದೊಡ್ಡ ಆತುರ ಬೇರೆಯಿತ್ತು. ನಾಲ್ಕು ಗಂಟೆಗೆ ಸಿರುಗುಪ್ಪದಿಂದ ದೊಡ್ಡಬಸಪ್ಪನವರು ಮಗಳು ಶಾಂಭವಿಗಾಗಿ ಅವನನ್ನು ನೋಡಲು ಬರುವವರಿದ್ದರು. ಹಿಂದಿನ ವಾರ ಶಾಂಭವಿ ಫೋನಿನಲ್ಲಿ ಅವನ ಕೆಲಸವೇನೆಂದು ಕೇಳಿದ್ದಳು. ಉತ್ತರಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಫೋನ್ ಇಡದ ಮೊದಲ ವ್ಯಕ್ತಿ ಆಕೆ. ಶರಣ ಅಂದೇ ಹೊಸ ಅಂಗಿ ಕೊಂಡಿದ್ದ.

ಈ ಸಂಬಂಧ ತಂದವರು ಶರಣ ಬಾಡಿಗೆಗಿದ್ದ ಗಾಂಧಿನಗರದ ಮನೆಯ ಒಡತಿ, ಕೆಳಗಡೆ ಇರುವ ಅಕ್ಕನಾಗಮ್ಮ. ಅವರ ಕಪಾಟಿನಲ್ಲಿ ಇನ್ನೂ ಹನ್ನೆರಡು ವರರ ಫೋಟೊ ಇದ್ದವು. ಒಂದು ಶರಣನ ಸಹೋದ್ಯೋಗಿ, ಕುರುಗೋಡಿನ ಕಾಡಸಿದ್ದಪ್ಪನದು.

ಒಳಗೆ ಸಿಗ್ನಲ್ ಇರಲಿಲ್ಲ. ಶರಣ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಕೂತು ಕಾಡಸಿದ್ದಪ್ಪನಿಗೆ ಫೋನ್ ಮಾಡಿದ. ಕೆಳಗೆ ಅಕ್ಕನಾಗಮ್ಮ ಬರುವವರಿಗೆಂದು ಮಂಡಕ್ಕಿ ಒಗ್ಗಾಣಿಗೆ ಈರುಳ್ಳಿ ಹೆಚ್ಚುತ್ತಿದ್ದರು.

“ಸಿರುಗುಪ್ಪ ಬಸ್ಸಿಂದಾನ ಎಲ್ಲಾ ತ್ರಾಸು,” ಎಂದ ಶರಣ.

ಅಕ್ಕನಾಗಮ್ಮ ಈಳಿಗೆ ಬಿಟ್ಟೆದ್ದರು. “ಯಾಕಪ, ಬಸ್ಸು ಬರಾಂಗಿಲ್ಲೇನು?”

“ಅದಕ್ಕ ಲೈನ ಇಲ್ರಿ ಅಮ್ಮ,” ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

ಅವರು ದೊಡ್ಡಬಸಪ್ಪನವರಿಗೆ ಫೋನ್ ಮಾಡಿ ಬಸ್ಸಿಲ್ಲವೆಂದು ತಿಳಿಸಿದರು. ತಾವು ಅದೇ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿರುವುದಾಗಿ ದೊಡ್ಡಬಸಪ್ಪನವರು ಹೇಳಿದರು.

ಎರಡೂ ಮುಕ್ಕಾಲಿಗೆ ತಪ್ಪು ಸಿಕ್ಕಿತು. ಯಾರೋ ಕಾಗುಣಿತ ತಪ್ಪಿ ಒಂದೂರನ್ನು ಸಿರುಗುಪ್ಪ, ಸಿರಿಗುಪ್ಪ ಎಂದು ಎರಡು ಮಾಡಿದ್ದರು. ಕುರುಗೋಡಿನಿಂದ ಹೊರಟ ಲೈನು ಸಿರಿಗುಪ್ಪಕ್ಕೆ ಹೋಗಿ ನಿಂತಿತ್ತು. ಜನ ಇದ್ದದ್ದು ಸಿರುಗುಪ್ಪದಲ್ಲಿ. ಆ ಭಾಗದ ಕಡತ ಕಾಡಸಿದ್ದಪ್ಪನ ಬಳಿಯಿತ್ತು.

“ಲೇ ಕಾಡಸಿದ್ದ, ಸಿರುಗುಪ್ಪದ್ದು ನನ್ನ ಕಡಿಂದ ಆಗಾಂಗಿಲ್ಲ. ನಿನ್ನ ಕುರುಗೋಡಿಗೇ ಜೋಡಿಸ್ಕೊ. ಕೂಡೇ ಕೂಡ್ತೈತಿ,” ಎಂದ ಶರಣ, ಬೀದಿಗೆಲ್ಲ ಕೇಳುವಂತೆ.

ಅಕ್ಕನಾಗಮ್ಮ ನೊಂದುಕೊಂಡರು. ಆದರೆ ನಲವತ್ತು ಮದುವೆ ಮಾಡಿಸಿದವರು. ಹುಡುಗರು ಕೊನೆ ಗಳಿಗೆಯಲ್ಲಿ ಹಿಂದೆಗೆಯುವುದು ಅವರಿಗೆ ಹೊಸದಲ್ಲ. ಕೈ ತೊಳೆದು ಕಪಾಟು ತೆರೆದರು. ಆಮೇಲೆ ಎರಡು ಫೋನ್ ಮಾಡಿದರು.

ಮೂರೂವರೆಗೆ ಲೆಕ್ಕ ನಾಲ್ಕೇ ಸುತ್ತಿಗೆ ಕೂಡಿಬಂತು. ಶರಣ ಸ್ನಾನ ಮಾಡಿ ಹೊಸ ಅಂಗಿ ತೊಟ್ಟ. ನಾಲ್ಕಾಯಿತು. ಐದಾಯಿತು. ಕೆಳಗಿಳಿದು ಬಂದಾಗ ಅಕ್ಕನಾಗಮ್ಮ ಒಂದು ತಟ್ಟೆ ಒಗ್ಗಾಣಿ ಕೈಗಿಟ್ಟರು.

“ಮನಸಿಗಿ ಹಚ್ಕೋಬ್ಯಾಡಪ. ನೀ ಹೇಳಿದಾಂಗ ಸಿರುಗುಪ್ಪದವ್ರನ್ನ ಕುರುಗೋಡಿಗೆ ಜೋಡಿಸೀನಿ. ಕೂಡಿಬಂತು.”

ಬಸ್ ಎಂದರೇನೆಂದು ಶರಣ ವಿವರಿಸತೊಡಗಿದ. ಎರಡನೆಯ ನಿಮಿಷಕ್ಕೆ ಅವರು ಒಳಗೆ ಹೋದರು.

ಅಷ್ಟರಲ್ಲಿ ಕಾಡಸಿದ್ದಪ್ಪನ ಫೋನ್ ಬಂತು. “ಸಿರುಗುಪ್ಪದವ್ರು ಯಾರೋ ಹಿರೇರು ನಮ್ಮನಿಗಿ ಬಂದಿದ್ರಲೇ. ಏನು ಕೆಲಸ ಅಂತ ಕೇಳಿದ್ರು. ಕರೆಂಟಿಂದು ಅಂದೆ. ಭಾಳ ಖುಷಿಯಾದ್ರು.”

ಸೋಮವಾರ ವರದಿಗೆ ಒಪ್ಪಿಗೆ ಸಿಕ್ಕಿತು. ಮುಂದಿನ ತಿಂಗಳು ಕಾಡಸಿದ್ದಪ್ಪನಿಗೆ ಮದುವೆಗೆಂದು ಹದಿನೈದು ದಿನ ರಜೆ ಮಂಜೂರಾಯಿತು. ಆ ಹದಿನೈದು ದಿನ ಕುರುಗೋಡಿನ ಹೆಚ್ಚುವರಿ ಹೊಣೆಯನ್ನು ಶರಣನಿಗೆ ವಹಿಸಲಾಯಿತು.